'ಹುಡುಗು ಬುದ್ಧಿ' ಎಂದು ಬಿಡುವ ಮುನ್ನ

ಮಾನ್ಯ ಸಂಪಾದಕರೇ,

ಮಂಡ್ಯದ ನಮ್ಮ ಬೀದಿಯಲ್ಲಿ 12 ವರ್ಷದ ಹುಡುಗನೊಬ್ಬ ನಾಯಿಮರಿಯ ಬಾಲಕ್ಕೆ ಪಟಾಕಿ ಕಟ್ಟಿ, ಅದು ಕಿರುಚುತ್ತ ಚರಂಡಿಗೆ ಬಿದ್ದಾಗಲೂ ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲದೆ ನೋಡುತ್ತ ನಿಂತಿದ್ದ. ಹಿರಿಯರು 'ಹುಡುಗು ಬುದ್ಧಿ' ಎಂದು ಸುಮ್ಮನಾದರು.

ಇತರರ ಹಕ್ಕು, ನೋವುಗಳನ್ನು ಲೆಕ್ಕಿಸದೆ ನಡೆದುಕೊಳ್ಳುವುದೇ ಸ್ವಭಾವವಾಗಿಬಿಡುವ ಸಮಾಜವಿರೋಧಿ ವ್ಯಕ್ತಿತ್ವ ದೋಷವನ್ನು 18 ವರ್ಷ ತುಂಬುವ ಮುನ್ನ ವೈದ್ಯರು ನಿರ್ಣಯಿಸುವುದಿಲ್ಲವಾದರೂ, ಹಿಂಸೆ, ಕಳವು, ಪದೇ ಪದೇ ಸುಳ್ಳು ಹೇಳುವಂಥ ನಡವಳಿಕೆಯ ತೊಂದರೆ 15ರೊಳಗೇ ಕಾಣಿಸಿಕೊಂಡಿರಬೇಕೆಂಬುದು ಆ ನಿರ್ಣಯದ ಷರತ್ತುಗಳಲ್ಲಿ ಒಂದು. ಹಾಗೆಂದು ಇಂಥ ಮಕ್ಕಳೆಲ್ಲ ಮುಂದೆ ಹೀಗೇ ಆಗುತ್ತಾರೆಂದಲ್ಲ, ಹೆಚ್ಚಿನವರು ಆಗುವುದಿಲ್ಲ. ಯಾರೊಂದಿಗೂ ಬೆರೆಯದ ಸಂಕೋಚದವರಿಗೆ ಈ ಹೆಸರು ಅಂಟಿಸುವುದಂತೂ ಶುದ್ಧ ತಪ್ಪು.

ಈ ದೋಷವನ್ನೇ ಗುಣಪಡಿಸುವ ಮಾತ್ರೆ ಇಲ್ಲ. ಜೊತೆಗೆ ಅಂಟಿಕೊಂಡಿರುವ ಕುಡಿತ, ಖಿನ್ನತೆಗಳಿಗೆ ಚಿಕಿತ್ಸೆ ಉಂಟು. ಆದರೆ ಹೆಚ್ಚು ಫಲದ ಭರವಸೆ ಇರುವುದು ಬಾಲ್ಯದಲ್ಲೇ, ಹೊಡೆಯುವುದನ್ನು ಬಿಟ್ಟು ಒಳ್ಳೆಯ ನಡತೆಯನ್ನು ಗುರುತಿಸಿ ಮೆಚ್ಚುವ, ಮನೆಯ ನಿಯಮವನ್ನು ದಿನಕ್ಕೊಂದು ರೀತಿ ಬದಲಿಸದ ಕ್ರಮವನ್ನು ತಂದೆತಾಯಿಗೆ ಕಲಿಸಿದಾಗ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಶಾಲೆಗಳ ಪೋಷಕರ ಸಭೆಗೇ ಬಂದು ಈ ತರಬೇತಿ ಕೊಡಲಿ. ಅಲ್ಲಿಯವರೆಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು.

– ನಿವೃತ್ತ ಶಿಕ್ಷಕಿ, ಮಂಡ್ಯ