ಅಡಿಟಿಪ್ಪಣಿಗಳ ವಿಷಯವಾಗಿ ಅಪ್ಪನಿಗೆ

ಟ್ಯೂಬಿಂಗನ್, ಜರ್ಮನಿ
ನವೆಂಬರ್ ಕೊನೆಯ ವಾರ

ಪ್ರೀತಿಯ ಅಪ್ಪ, ಅಮ್ಮನಿಗೆ,

ಕರ್ತನ ನಾಮದಲ್ಲಿ ವಂದನೆಗಳು. ನಾನು ಕ್ಷೇಮ. ಅಮ್ಮ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅಕ್ಕಿ ಸಿಗುತ್ತದೆ, ಕೋಣೆ ಬೆಚ್ಚಗಿದೆ, ಶೇಂಗಾ ಚಟ್ನಿಪುಡಿ ಇನ್ನೂ ಮುಗಿದಿಲ್ಲ. ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ ಎಂಬುದೊಂದೇ ದೂರು.

ಉಳಿದ ಪತ್ರ ಅಪ್ಪನಿಗೆ. ಫೋನಿನಲ್ಲಿ ನೀವು ಕೇಳಿದ ಪ್ರಶ್ನೆಗೆ ಅಲ್ಲಿಯೇ ಉತ್ತರಿಸಲು ಹೋಗಿದ್ದರೆ ಜಗಳವಾಗುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ದೇವರ ವಾಕ್ಯದಲ್ಲಿ ಇದು ಮೊದಲಿನದು, ಇದು ಆಮೇಲೆ ಸೇರಿದ್ದು ಎಂದು ಆರಿಸಲು ನಾವು ಯಾರು, ಇದನ್ನೆಲ್ಲ ಕಲಿತು ಬಂದು ನಮ್ಮ ಧಾರವಾಡದ ಸಭೆಗೆ ಏನು ಪ್ರಸಂಗ ಮಾಡುತ್ತೀ ಎಂದಿರಿ. ನಿಮ್ಮ ಕೋಪಕ್ಕೆ ಕಾರಣ ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯ ಎಂದು ನನಗೆ ಗೊತ್ತು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಜನ ಎಳೆದುಕೊಂಡು ಬರುತ್ತಾರೆ, ಯೇಸು ಬಗ್ಗಿ ನೆಲದ ಮೇಲೆ ಬರೆಯುತ್ತಾನೆ, ಪಾಪವಿಲ್ಲದವನು ಮೊದಲ ಕಲ್ಲು ಎಸೆಯಲಿ ಎನ್ನುತ್ತಾನೆ, ಹಿರಿಯರಿಂದ ಮೊದಲ್ಗೊಂಡು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ. ಅಜ್ಜಿ ಈ ಭಾಗವನ್ನು ಕಣ್ಣುಮುಚ್ಚಿ ಹೇಳುತ್ತಿದ್ದರು. ಇಲ್ಲಿ ದೇವಶಾಸ್ತ್ರದ ತರಗತಿಯಲ್ಲಿ ನಾವು ಓದುವ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಅದೇ ಭಾಗ ಜೋಡಿ ಚೌಕ ಕಂಸಗಳ ನಡುವೆ ಇದೆ ಎಂದಾಗ ನಿಮ್ಮ ಧ್ವನಿ ಬದಲಾಯಿತು.

ಅಲ್ಲಿ ಕಂಸ ಇರುವುದು ಯಾರ ಹಟದಿಂದಲೂ ಅಲ್ಲ. ನಾಲ್ಕನೆಯ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಿವೆ. ಒಂದು ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದಲ್ಲಿ ಸಿಕ್ಕದ್ದು, ಇನ್ನೊಂದು ವ್ಯಾಟಿಕನ್ನಿನ ಗ್ರಂಥಾಲಯದಲ್ಲಿರುವುದು. ಎರಡರಲ್ಲಿಯೂ ಈ ಭಾಗ ಇಲ್ಲ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳೂ ಇಲ್ಲ. ಹೆಂಗಸರು ಹೆದರಿ ಸಮಾಧಿಯಿಂದ ಓಡಿಹೋದರು ಎಂಬಲ್ಲಿಗೇ ಆ ಪುಸ್ತಕ ನಿಂತುಬಿಡುತ್ತದೆ. ಇನ್ನು ಕೆಲವು ಗ್ರೀಕ್ ಪ್ರತಿಗಳಲ್ಲಿ ಈ ಹೆಂಗಸಿನ ಕಥೆ ಯೋಹಾನನನ್ನು ಬಿಟ್ಟು ಲೂಕನ ಇಪ್ಪತ್ತೊಂದನೆಯ ಅಧ್ಯಾಯದ ಕೊನೆಗೆ ಹೋಗಿ ಕುಳಿತಿದೆ! ಕಥೆ ಎಲ್ಲರಿಗೂ ಬೇಕಿತ್ತು, ಎಲ್ಲಿ ಇಡಬೇಕೆಂಬುದರಲ್ಲಿ ಮಾತ್ರ ಒಮ್ಮತ ಇರಲಿಲ್ಲ. ಸುವಾರ್ತೆಯ ಮೊದಲ ಬರಹದಲ್ಲಿ ಇದು ಇರಲಿಲ್ಲ, ಆದರೆ ಬಹಳ ಪ್ರಾಚೀನವಾದದ್ದು, ಆದ್ದರಿಂದ ಕೈಬಿಡುವಂತಿಲ್ಲ ಎಂಬುದು ಸಂಪಾದಕರ ತೀರ್ಮಾನ. ಜೋಡಿ ಕಂಸ ಹೇಳುವುದು ಇಷ್ಟನ್ನೇ.

ಅಪ್ಪ, ನೀವು ಎಂ.ಎ.ಯಲ್ಲಿ ಗ್ರಂಥಸಂಪಾದನಾ ಶಾಸ್ತ್ರ ಓದಿದವರು. ಪಂಪನ ಕಾವ್ಯದ ಪುಟದ ಕೆಳಗೆ ಪಾಠಾಂತರಗಳ, ಅಂದರೆ ಪ್ರತಿಯಿಂದ ಪ್ರತಿಗೆ ಬದಲಾದ ಮಾತುಗಳ, ಸಾಲು ಕಂಡಾಗ ಪಂಪನಿಗೆ ಅವಮಾನವಾಯಿತು ಎಂದು ನಿಮಗೆ ಒಮ್ಮೆಯೂ ಅನ್ನಿಸಲಿಲ್ಲ. ಓಲೆಗರಿ ನಕಲು ಮಾಡಿದವನ ಕಣ್ಣು ಒಂದು ಸಾಲು ಹಾರಿದ್ದನ್ನು, ಅಂಚಿನ ಟಿಪ್ಪಣಿ ಪದ್ಯದೊಳಗೆ ನುಗ್ಗಿದ್ದನ್ನು ತರಗತಿಯಲ್ಲಿ ಎಷ್ಟು ಉತ್ಸಾಹದಿಂದ ವಿವರಿಸುತ್ತಿದ್ದಿರಿ ಎಂದು ನಿಮ್ಮ ಶಿಷ್ಯರು ಈಗಲೂ ನೆನೆಯುತ್ತಾರೆ. ಅದೇ ಕೆಲಸ ಇದು. ನಿಮ್ಮ ಮಗಳು ಬೇರೆ ಶಾಸ್ತ್ರವನ್ನೇನೂ ಹಿಡಿದಿಲ್ಲ.

ಇದು ನಮ್ಮ ಹಿರಿಯರ ನಂಬಿಕೆಗೆ ಹೊರಗಿನದು ಎಂಬ ನಿಮ್ಮ ಮಾತನ್ನು ಮಾತ್ರ ಒಪ್ಪುವುದಿಲ್ಲ. ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬವರು 1687ರಲ್ಲಿ ಇದೇ ವ್ಯುರ್ಟೆಂಬೆರ್ಗ್ ನಾಡಿನಲ್ಲಿ ಹುಟ್ಟಿದವರು, ಇದೇ ಊರಿನಲ್ಲಿ ಓದಿದವರು. ಜಾನ್ ಮಿಲ್ ಎಂಬ ಆಕ್ಸ್‌ಫರ್ಡ್ ವಿದ್ವಾಂಸರು 1707ರಲ್ಲಿ ಹೊಸ ಒಡಂಬಡಿಕೆಯ ಸುಮಾರು 30,000 ಪಾಠಾಂತರಗಳನ್ನು ಪ್ರಕಟಿಸಿದಾಗ ಎಷ್ಟೋ ಜನ ತತ್ತರಿಸಿದರು. ದೇವಭಕ್ತರಾದ ಬೆಂಗೆಲ್ ಕೂಡ ಕಳವಳಗೊಂಡರು. ಆದರೆ ಅವರು ಪುಸ್ತಕ ಮುಚ್ಚಿಡಲಿಲ್ಲ, ಹಸ್ತಪ್ರತಿಗಳನ್ನು ತರಿಸಿಕೊಂಡು ಒಂದೊಂದಾಗಿ ಹೋಲಿಸುತ್ತ ಕುಳಿತರು. ಅವರ ಗ್ರೀಕ್ ಹೊಸ ಒಡಂಬಡಿಕೆ 1734ರಲ್ಲಿ ಟ್ಯೂಬಿಂಗನ್‌ನಲ್ಲಿಯೇ ಅಚ್ಚಾಯಿತು. ಎರಡು ಪಾಠಗಳಲ್ಲಿ ಯಾವುದು ಕಠಿಣವೋ ಅದನ್ನೇ ಹಿಡಿ, ಏಕೆಂದರೆ ನಕಲುಗಾರ ಕಠಿಣವಾದದ್ದನ್ನು ಸುಲಭ ಮಾಡುತ್ತಾನೆಯೇ ಹೊರತು ಸುಲಭವನ್ನು ಕಠಿಣ ಮಾಡುವುದಿಲ್ಲ ಎಂಬ ಸೂತ್ರ ಅವರದು. ನಾವು ಇಂದಿಗೂ ಅದನ್ನು ಬಾಯಿಪಾಠ ಮಾಡುತ್ತೇವೆ. ಯಾವ ಪಾಠಾಂತರವೂ ನಂಬಿಕೆಯ ಬುಡವನ್ನು ಅಲ್ಲಾಡಿಸುವುದಿಲ್ಲ ಎಂಬ ನಿಲುವಿಗೆ ಅವರು ಬಂದದ್ದು ಈ ದುಡಿಮೆಯೆಲ್ಲ ಮುಗಿದ ಮೇಲೆ. ಬೆಂಗೆಲ್ ಹಾಕಿದ ಭಕ್ತಿಯ ಅಡಿಪಾಯದ ಮೇಲೆ ಬೆಳೆದ ಮನೆಗಳಿಂದಲೇ ಬಾಸೆಲ್ ಮಿಷನ್ನಿನ ಬಹುಪಾಲು ಬೋಧಕರು ಮಂಗಳೂರಿಗೂ ಧಾರವಾಡಕ್ಕೂ ಬಂದರು. ಅಡಿಟಿಪ್ಪಣಿಗಳು ಆ ಬೋಧಕರಿಂದಲೇ ನಮಗೆ ಬಂದ ಆರಾಧನೆಯ ಸಂಗೀತ ಪುಸ್ತಕದ ಒಡಹುಟ್ಟಿದವು, ಅಪ್ಪ.

(ನಿಮಗೆ ನಗು ಬರಲಿ ಎಂದು ಇದೊಂದು ಮಾತು. ಇದೇ ಬೆಂಗೆಲ್ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದ ಸಂಖ್ಯೆಗಳನ್ನು ಕೂಡಿ ಕಳೆದು, ಕ್ರಿಸ್ತನ ಸಾವಿರ ವರುಷದ ರಾಜ್ಯ 1836ರಲ್ಲಿ ಶುರುವಾಗುತ್ತದೆ ಎಂದು ಲೆಕ್ಕ ಹಾಕಿದ್ದರು. ಆ ವರ್ಷ ಆದದ್ದು ಏನೆಂದರೆ, ಟ್ಯೂಬಿಂಗನ್‌ನಲ್ಲಿ ಓದಿದ ಹರ್ಮನ್ ಮೋಗ್ಲಿಂಗ್ ಮಂಗಳೂರಿನ ಕಡೆಗೆ ಹೊರಟದ್ದು. ನಿಮ್ಮಂಥ ಕನ್ನಡ ಮೇಷ್ಟ್ರಿಗೆ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದವರೂ ಅವರೇ ಎಂದು ನಾನು ಹೇಳಬೇಕಾಗಿಲ್ಲ.)

ಗ್ರೀಕ್ ಪಾಠ ನನಗೆ ಸಲೀಸು. ಇಲ್ಲಿನ ಹುಡುಗರು ವಿಭಕ್ತಿಗಳ ಮುಂದೆ ತಲೆ ಹಿಡಿದುಕೊಳ್ಳುತ್ತಾರೆ. ಪ್ರಥಮಾ, ದ್ವಿತೀಯಾ ಎಂದು ನಿಮ್ಮಿಂದ ಬೆತ್ತದ ಭಯದಲ್ಲಿ ಕಲಿತವಳಿಗೆ ಅದೇನು ಲೆಕ್ಕ? ಸಂಸ್ಕೃತದ ಆತ್ಮನೇಪದವನ್ನು ಹೋಲುವ ಕ್ರಿಯಾರೂಪವೂ ಅದರಲ್ಲಿದೆ. ಹೀಬ್ರೂ ಮಾತ್ರ ಬೆವರಿಳಿಸುತ್ತದೆ. ಬಲದಿಂದ ಎಡಕ್ಕೆ ಓದುವುದು ಬೇಗ ರೂಢಿಯಾಯಿತು. ಮೂರು ವ್ಯಂಜನಗಳ ಧಾತು ರೂಪದಿಂದ ರೂಪಕ್ಕೆ ಹೋಗುವಾಗ ಒಂದು ವ್ಯಂಜನ ಮಾಯವಾದರೆ ಅದನ್ನು ನಿಘಂಟಿನಲ್ಲಿ ಎಲ್ಲಿ ಹುಡುಕಬೇಕೆಂದೇ ತಿಳಿಯುವುದಿಲ್ಲ. ಆದರೂ ಬೈಬಲಿನ ಕೀರ್ತನೆ 145 ಓದಿದ ದಿನ ಊಟ ಮರೆತಿದ್ದೆ. ಅದರ ಒಂದೊಂದು ವಚನವೂ ಹೀಬ್ರೂ ಅಕ್ಷರಮಾಲೆಯ ಒಂದೊಂದು ಅಕ್ಷರದಿಂದ ಮೊದಲಾಗುತ್ತದೆ. ಅಕ್ಷರಗಳು 22, ವಚನಗಳು 21. ‘ನೂನ್’ ಅಕ್ಷರದ ವಚನವೇ ಇಲ್ಲ. ನಾವು ಓದುವ ಹೀಬ್ರೂ ಬೈಬಲಿಗೆ ಆಧಾರವಾದ ಕ್ರಿ.ಶ. 1008ರ ಹಸ್ತಪ್ರತಿಯಲ್ಲಿ ಅದು ತಪ್ಪಿಹೋಗಿದೆ. ಹಳೆಯ ಗ್ರೀಕ್ ಅನುವಾದದಲ್ಲಿ ಆ ವಚನ ಇತ್ತು, ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ದೊರೆತ ಕೀರ್ತನೆಗಳ ಸುರುಳಿಯಲ್ಲಿ ಹೀಬ್ರೂವಿನಲ್ಲಿಯೇ ಸಿಕ್ಕಿತು. ಕರ್ತನು ತನ್ನ ಮಾತುಗಳಲ್ಲಿ ನಂಬಿಗಸ್ತನು ಎಂಬುದು ಅದರ ಅರ್ಥ. ಹೀಗೆ ಪ್ರತಿಗಳನ್ನು ಹೋಲಿಸಿ ಪಾಠ ತಿದ್ದುವ ಪಾಠಪರಿಷ್ಕರಣೆ ವಾಕ್ಯವನ್ನು ಕಿತ್ತುಕೊಳ್ಳುತ್ತದೆ ಎಂದಿರಲ್ಲ, ಇಲ್ಲಿ ನೋಡಿ, ಕೊಟ್ಟಿದೆ.

ಹಾಗೆಂದು ಮೂಲಭಾಷೆ ಕಲಿತವರೆಲ್ಲ ದೊಡ್ಡ ಮನುಷ್ಯರು ಎಂಬ ಭ್ರಮೆ ನನಗಿಲ್ಲ. ತರಗತಿಯಲ್ಲಿ ಒಮ್ಮೆ ‘ಕಿಟ್ಟೆಲ್’ ಎಂಬ ಹೆಸರು ಬಂದಾಗ ನಾನು ಹಿಗ್ಗಿದೆ. 1894ರಲ್ಲಿ ನಿಘಂಟು ಕೊಟ್ಟ, 1903ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ ನಮ್ಮ ಫರ್ಡಿನಾಂಡ್ ಕಿಟ್ಟೆಲ್ ಎಂದುಕೊಂಡರೆ, ಇಲ್ಲಿಯವರಿಗೆ ಆ ಹೆಸರೆಂದರೆ ಬೇರೆಯವರು: ಹೀಬ್ರೂ ಬೈಬಲನ್ನು ಸಂಪಾದಿಸಿದ ರುಡಾಲ್ಫ್ ಕಿಟ್ಟೆಲ್, ಮತ್ತು ಅವರ ಮಗ ಗೆರ್ಹಾರ್ಡ್ ಕಿಟ್ಟೆಲ್. ಮಗ ಇದೇ ವಿಶ್ವವಿದ್ಯಾಲಯದಲ್ಲಿ ಹೊಸ ಒಡಂಬಡಿಕೆಯ ಪ್ರಾಧ್ಯಾಪಕ. ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಮಹಾನಿಘಂಟನ್ನು ಆರಂಭಿಸಿದವರು. ಆ ನಿಘಂಟಿನ ಮೊದಲ ಸಂಪುಟ ಹೊರಬಂದ 1933ರಲ್ಲಿಯೇ ಅವರು ನಾತ್ಸಿ ಪಕ್ಷ ಸೇರಿದರು. ಯೆಹೂದ್ಯರ ಪೌರತ್ವ ಕಳೆದು ಅವರನ್ನು ಬರೀ ಪರಕೀಯ ಅತಿಥಿಗಳಂತೆ ಇಡಬೇಕೆಂದು ಈ ಊರಿನಲ್ಲಿಯೇ ಭಾಷಣ ಮಾಡಿದರು. ಯೆಹೂದ್ಯರ ಪ್ರಾಚೀನ ಸಾಹಿತ್ಯವನ್ನು ಅವರಷ್ಟು ಬಲ್ಲ ಕ್ರೈಸ್ತರು ಆಗ ವಿರಳ. 1945ರಲ್ಲಿ ಫ್ರೆಂಚರು ಅವರನ್ನು ಬಂಧಿಸಿದರು. ಹತ್ತು ಸಂಪುಟಗಳ ಆ ನಿಘಂಟು ಇನ್ನೂ ಗ್ರಂಥಾಲಯದಲ್ಲಿದೆ, ನಾವು ಬಳಸುತ್ತೇವೆ. ಯಾವ ಲೇಖನ ಯಾವ ವರ್ಷ ಬರೆದದ್ದು ಎಂದು ಮೊದಲು ನೋಡಿ, ಆಮೇಲೆ ಓದಿ ಎನ್ನುತ್ತಾರೆ ನಮ್ಮ ಗುರುಗಳು. ನೀವು ನನಗಾಗಿ ಪ್ರಾರ್ಥಿಸುವಾಗ ಪಾಠಾಂತರಗಳಿಗೆ ಹೆದರಬೇಡಿ, ಇದಕ್ಕೆ ಹೆದರಿ.

ಸೇವೆಯ ತರಬೇತಿಯ ಬಗ್ಗೆ ಸ್ವಲ್ಪ ಹೇಳಬೇಕು. ಹತ್ತಿರದ ಹಳ್ಳಿಯ ಸಭಾಪಾಲಕಿಯೊಬ್ಬರ ಜೊತೆ ನನ್ನನ್ನು ಕಳುಹಿಸುತ್ತಿದ್ದಾರೆ. ವ್ಯುರ್ಟೆಂಬೆರ್ಗ್ ಸಭೆ ಹೆಂಗಸರಿಗೆ ದೀಕ್ಷೆ ಕೊಡಲು ಆರಂಭಿಸಿ ಅರ್ಧ ಶತಮಾನ ದಾಟಿದೆ. ನಿಲುವಂಗಿ ತೊಟ್ಟ ಹೆಂಗಸನ್ನು ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ನಮ್ಮಲ್ಲಿ ಕೆಲವು ಹಿರಿಯರು ಇನ್ನೂ ಗಂಟಲು ಸರಿಪಡಿಸಿಕೊಳ್ಳುತ್ತಾರೆ, ಹೆಸರು ಬೇಡ. ಒಂದು ಸಾವಿನ ಮನೆಗೆ ಅವರೊಂದಿಗೆ ಹೋಗಿದ್ದೆ. ಶವಸಂಸ್ಕಾರಕ್ಕೆ ಮೊದಲು ಮನೆಯವರ ಜೊತೆ ಕುಳಿತು, ಸತ್ತವರು ಯಾರು, ಏನು ಕೆಲಸ ಮಾಡುತ್ತಿದ್ದರು, ಯಾವ ಹಾಡು ಇಷ್ಟ ಎಂದು ಅವರು ಕೇಳಿ ಬರೆದುಕೊಂಡರು. ಸಭೆಯ ಎಲ್ಲರನ್ನೂ ಬಲ್ಲ ನಮ್ಮ ಸಭಾಪಾಲಕ ಅಯ್ಯನವರಿಗೆ ಇದರ ಅಗತ್ಯವೇ ಬೀಳುವುದಿಲ್ಲವಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ ನೋಡಿದರೆ, ಮಕ್ಕಳು ಅಪ್ಪನ ಬಗ್ಗೆ ತಮ್ಮ ತಮ್ಮೊಳಗೇ ಎಂದೂ ಆಡದ ಮಾತುಗಳನ್ನು ಅಲ್ಲಿ ಆಡುತ್ತಿದ್ದರು. ಇದನ್ನು ನಾನು ಕಲಿತುಕೊಂಡೇ ಬರುತ್ತೇನೆ. ಭಾನುವಾರದ ಆರಾಧನೆಗೆ ಮಾತ್ರ ನರೆಗೂದಲಿನವರೇ, ಅವರೂ ಬೆರಳೆಣಿಕೆ.

ಸಭೆಯ ಖಜಾಂಚಿಗಳಾದ ನಿಮಗೆ ಹೊಟ್ಟೆಕಿಚ್ಚಾಗುವ ಸುದ್ದಿ: ಇಲ್ಲಿ ಸಭೆಯ ವಂತಿಗೆಯನ್ನು ಸರ್ಕಾರವೇ ವಸೂಲಿ ಮಾಡಿಕೊಡುತ್ತದೆ, ಸದಸ್ಯರ ಆದಾಯ ತೆರಿಗೆಯ ಮೇಲೆ ಶೇಕಡಾ 8. ಮನೆಮನೆ ತಿರುಗುವ ಕಷ್ಟ ಇಲ್ಲ. ಬೇಡವೆಂದವರು ಕಚೇರಿಗೆ ಹೋಗಿ ಸಭೆಯಿಂದ ಹೆಸರು ತೆಗೆಸಿಕೊಳ್ಳುತ್ತಾರೆ, ಹಾಗೆ ತೆಗೆಸಿಕೊಳ್ಳುವವರೂ ಬಹಳ. ನಿಮ್ಮ ರಸೀದಿ ಪುಸ್ತಕವೇ ವಾಸಿ ಎನ್ನಿಸುತ್ತದೆ ನನಗೆ.

ಮುಂದಿನ ಬೇಸಿಗೆಯಲ್ಲಿ ಊರಿಗೆ ಬಂದಾಗ ಒಂದು ಭಾನುವಾರ ಪ್ರಸಂಗಕ್ಕೆ ಅವಕಾಶ ಸಿಗಬಹುದೇ ಎಂದು ಅಯ್ಯನವರನ್ನು ಕೇಳಿಡಿ. ಯೋಹಾನ ಎಂಟನ್ನೇ ತೆಗೆದುಕೊಳ್ಳುತ್ತೇನೆ. ಕಂಸದ ವಿಷಯವನ್ನು ಸಭೆಯಿಂದ ಮುಚ್ಚಿಡುವುದಿಲ್ಲ, ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಕಲ್ಲು ಹಿಡಿದು ನಿಂತವರ ಬಗ್ಗೆ ಹೇಳುವುದು ಬಹಳ ಇದೆ. ನೀವು ಒಪ್ಪದಿದ್ದರೆ ಮನೆಗೆ ಬಂದು ಜಗಳವಾಡಿ, ದೇವಾಲಯದ ಮೆಟ್ಟಿಲ ಮೇಲೆ ಬೇಡ. ಅಮ್ಮ, ಚಟ್ನಿಪುಡಿಗೆ ಮುಂದಿನ ಸಲ ಬೆಳ್ಳುಳ್ಳಿ ಸ್ವಲ್ಪ ಕಡಿಮೆ ಹಾಕು, ಕೋಣೆಯ ಕಿಟಕಿಯನ್ನು ಈ ಚಳಿಯಲ್ಲಿ ತೆರೆಯಲಾಗುವುದಿಲ್ಲ.

ನಿಮ್ಮ ಮಗಳು