ಕಡಲತೀರದ ಹೆಸರಿನ ಜೊತೆ ತಿಂಗಳನ್ನೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಕಳೆದ ವಾರ ಪ್ರಕಟವಾದ, ಗಂಡ ಹೆಂಡತಿ ಇಬ್ಬರೇ ಕಡಿಮೆ ಖರ್ಚಿನಲ್ಲಿ ಹೋಗಿಬರಬಹುದಾದ ವಿದೇಶಿ ಕಡಲತೀರಗಳ ಕುರಿತ ಬರಹವನ್ನು ನಾನೂ ನನ್ನ ಪತ್ನಿಯೂ ಒಟ್ಟಿಗೆ ಕುಳಿತು ಓದಿದೆವು. ಊರುಗಳ ಆಯ್ಕೆಯ ಬಗ್ಗೆ ನಮ್ಮ ತಕರಾರೇನೂ ಇಲ್ಲ. ಥಾಯ್ಲೆಂಡ್, ವಿಯೆಟ್ನಾಂ, ಬಾಲಿ, ಶ್ರೀಲಂಕಾ, ಮಾಲ್ಡೀವ್ಸ್ ಎಲ್ಲವೂ ಅಲ್ಲಿದ್ದವು, ಚಿತ್ರಗಳೂ ಚೆನ್ನಾಗಿದ್ದವು. ಆದರೆ ಇಡೀ ಪುಟದಲ್ಲಿ ಒಂದೇ ಒಂದು ಊರಿನ ಮುಂದೆಯೂ ಅಲ್ಲಿಗೆ ಯಾವ ತಿಂಗಳಲ್ಲಿ ಹೋಗಬೇಕೆಂಬ ಮಾತಿರಲಿಲ್ಲ. ವಿಮಾನ ಇಳಿದ ಮೇಲೆ ಕೋಣೆಯ ಬಾಗಿಲು ತಲುಪಲು ಎಷ್ಟು ಖರ್ಚಾಗುತ್ತದೆ ಎಂಬುದೂ ಇರಲಿಲ್ಲ. ಕಡಲತೀರದ ಪ್ರವಾಸ ಕೈಗೆಟಕುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಎರಡರಿಂದಲೇ ತೀರ್ಮಾನವಾಗುತ್ತದೆ ಎಂಬುದನ್ನು ಒಮ್ಮೆ ಕೈಸುಟ್ಟುಕೊಂಡು ಕಲಿತವರಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮದುವೆಯ 25ನೇ ವರ್ಷಕ್ಕೆಂದು ಒಂದು ಪ್ರವಾಸ ಸಂಸ್ಥೆಯ ಜಾಹೀರಾತು ನೋಡಿ ಥಾಯ್ಲೆಂಡಿನ ಕೊ ಸಮುಯಿ ದ್ವೀಪಕ್ಕೆ ಹೊರಟೆವು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿದ್ದ ಮೊತ್ತ ಇಬ್ಬರದೆಂದು ನಾವು ತಿಳಿದಿದ್ದೆವು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಟ್ವಿನ್ ಶೇರಿಂಗ್ ಆಧಾರದಲ್ಲಿ ತಲಾ' ಎಂದಿತ್ತು. ಅಂದರೆ ಇಬ್ಬರು ಒಂದು ಕೋಣೆ ಹಂಚಿಕೊಂಡರೆ ಒಬ್ಬೊಬ್ಬರೂ ಕೊಡಬೇಕಾದ ಹಣ ಅದು. ಇಷ್ಟನ್ನು ಓದದೇ ಬಿಟ್ಟದ್ದು ನಮ್ಮದೇ ತಪ್ಪು, ಅದಕ್ಕೆ ಯಾರನ್ನೂ ದೂರುವುದಿಲ್ಲ. ದೂರುವುದೇನಿದ್ದರೂ ಇನ್ನೊಂದಕ್ಕೆ. ನಮಗೆ ಆ ಸಂಸ್ಥೆ ಕೊಟ್ಟದ್ದು ನವೆಂಬರ್ ತಿಂಗಳ ದಿನಾಂಕ, ಮತ್ತು ಆ ತಿಂಗಳಲ್ಲಿ ದರ ಯಾಕೆ ಅಷ್ಟು ಇಳಿದಿದೆ ಎಂಬುದನ್ನು ಅಲ್ಲಿ ಯಾರೂ ಹೇಳಲಿಲ್ಲ. ಆರು ದಿನಗಳಲ್ಲಿ ನಾಲ್ಕು ದಿನ ಎಡೆಬಿಡದೆ ಮಳೆ ಸುರಿಯಿತು, ದೋಣಿಗಳು ಹೊರಡಲಿಲ್ಲ, ನೀರು ಕಂದುಬಣ್ಣಕ್ಕೆ ತಿರುಗಿತ್ತು. ಹೋಟೆಲಿನ ಜಗುಲಿಯಲ್ಲಿ ಕುಳಿತು ನಾವು ಆಡಿದ ಇಸ್ಪೀಟಿಗೆ ಲೆಕ್ಕವಿಲ್ಲ. ನನ್ನ ಪತ್ನಿ ಈಗಲೂ ಅದನ್ನು 'ಬೆಳ್ಳಿಹಬ್ಬದ ಇಸ್ಪೀಟು' ಎಂದೇ ಕರೆಯುತ್ತಾಳೆ.

ಮರಳಿ ಬಂದ ಮೇಲೆ ಭೂಪಟ ಹರಡಿಕೊಂಡು ನೋಡಿದಾಗ ವಿಷಯ ತಿಳಿಯಿತು. ದಕ್ಷಿಣ ಥಾಯ್ಲೆಂಡ್ ಕಿರಿದಾದ ಒಂದು ಭೂಪಟ್ಟಿ, ಅದರ ಪಶ್ಚಿಮ ಮಗ್ಗುಲಿಗೆ ಅಂಡಮಾನ್ ಸಮುದ್ರ, ಪೂರ್ವ ಮಗ್ಗುಲಿಗೆ ಥಾಯ್ಲೆಂಡ್ ಕೊಲ್ಲಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬೀಸುವ ನೈರುತ್ಯ ಮಾರುತ ಪಶ್ಚಿಮದ ಫುಕೆಟ್ ಮತ್ತು ಕ್ರಾಬಿಗಳನ್ನು ತೋಯಿಸುತ್ತದೆ. ಅದು ಹಿಂದೆ ಸರಿದ ಮೇಲೆ ಬರುವ ಈಶಾನ್ಯ ಮಾರುತ ಕೊಲ್ಲಿಯ ಮೇಲಿಂದ ಹಾದುಬರುವಾಗ ನೀರನ್ನು ಹೀರಿಕೊಂಡು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಪೂರ್ವದ ಸಮುಯಿಯ ಮೇಲೆ ಸುರಿಯುತ್ತದೆ. ನಾವು ಜಗುಲಿಯಲ್ಲಿ ಕುಳಿತಿದ್ದ ಅದೇ ನವೆಂಬರ್‌ನಲ್ಲಿ, ಭೂಪಟ್ಟಿಯ ಆಚೆ ಮಗ್ಗುಲಲ್ಲಿ ಬಿಸಿಲಿನ ಒಳ್ಳೆಯ ಋತು ಆರಂಭವಾಗಿತ್ತು. ಜುಲೈಯಲ್ಲಿ ಹೋಗಿದ್ದರೆ ಇದೆಲ್ಲ ತಿರುವುಮುರುವಾಗಿರುತ್ತಿತ್ತು. ಒಂದೇ ದೇಶದಲ್ಲಿಯೇ ಹೀಗಿರುವಾಗ, ತಿಂಗಳ ಹೆಸರಿಲ್ಲದೆ 'ಥಾಯ್ಲೆಂಡ್ ಅಗ್ಗ' ಎಂದು ಬರೆದರೆ ಓದುಗರಿಗೆ ಅದರಿಂದ ಆಗುವ ಉಪಯೋಗವಾದರೂ ಏನು?

ಶ್ರೀಲಂಕಾದ ವಿಷಯವೂ ಇದೇ. ಬೆಂಟೋಟ, ಹಿಕ್ಕಡುವ, ಉನವಟುನ, ಮಿರಿಸ್ಸಗಳಿರುವ ನೈರುತ್ಯ ಮತ್ತು ದಕ್ಷಿಣ ಕರಾವಳಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲ ಒಳ್ಳೆಯದು. ತ್ರಿಂಕೋಮಲಿ, ಪಾಸಿಕುಡ, ಅರುಗಂ ಬೇಗಳಿರುವ ಪೂರ್ವ ಕರಾವಳಿಗೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಕಾಲ. ನಮ್ಮ ಎರಡನೆಯ ಪ್ರವಾಸಕ್ಕೆ ರಜೆ ಸಿಕ್ಕಿದ್ದು ಜೂನ್ ತಿಂಗಳಲ್ಲಿ. ಈ ಸಲ ಊರಿಗಿಂತ ಮೊದಲು ತಿಂಗಳನ್ನು ಮುಂದಿಟ್ಟುಕೊಂಡು ಹುಡುಕಿದ್ದರಿಂದ ತ್ರಿಂಕೋಮಲಿಯ ಉತ್ತರಕ್ಕಿರುವ ನಿಲಾವೆಲಿ ನಮ್ಮ ಪಾಲಿಗೆ ಬಂತು. ಮನೆಯವರೇ ನಡೆಸುವ ಆರೇಳು ಕೋಣೆಗಳ ಅತಿಥಿಗೃಹ, ಮೊಣಕಾಲೆತ್ತರದ ಶಾಂತ ನೀರು, ಮುಂಜಾನೆ ಬಲೆ ಎಳೆಯುವ ಮೀನುಗಾರರು. ಅಲ್ಲಿಂದ ದೋಣಿಯಲ್ಲಿ ಸ್ವಲ್ಪ ಹೊತ್ತಿನ ಹಾದಿಯಲ್ಲಿರುವ ಪಿಜನ್ ಐಲ್ಯಾಂಡ್ 2003ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ, ಸುತ್ತ ಹವಳದ ದಿಬ್ಬಗಳಿರುವ ದ್ವೀಪ, ತೀರದ ಸಮೀಪದಲ್ಲಿಯೇ ತಲೆ ಮುಳುಗಿಸಿದರೆ ಮೀನುಗಳ ಹಿಂಡು ಕಾಣಿಸುತ್ತದೆ.

ಆ ದ್ವೀಪಕ್ಕೆ ಹೊರಟಾಗಲೇ ಇಬ್ಬರ ಪ್ರವಾಸಕ್ಕೆ ವಿಶಿಷ್ಟವಾದ ಇನ್ನೊಂದು ಲೆಕ್ಕ ಹೊಳೆಯಿತು. ಕೋಣೆಯ ಮಟ್ಟಿಗೆ ಇಬ್ಬರೆಂಬುದು ಒಳ್ಳೆಯ ಸಂಖ್ಯೆ, ಏಕೆಂದರೆ ಕೋಣೆಗಳು ಇಬ್ಬರಿಗೆಂದೇ ಇರುತ್ತವೆ ಮತ್ತು ಒಂಟಿಯಾಗಿ ಹೋದವನೂ ಹೆಚ್ಚುಕಡಿಮೆ ಅಷ್ಟೇ ಬಾಡಿಗೆ ತೆರುತ್ತಾನೆ. ಆದರೆ ದೋಣಿ ಮತ್ತು ವ್ಯಾನುಗಳ ಮಟ್ಟಿಗೆ ಇಬ್ಬರೆಂಬುದು ದುಬಾರಿ ಸಂಖ್ಯೆ. ಆರೆಂಟು ಜನರ ದೋಣಿಗೆ ಇಡೀ ದೋಣಿಯ ಬಾಡಿಗೆ ಇರುತ್ತದೆ, ಕುಟುಂಬದವರು ಅದನ್ನು ಹಂಚಿಕೊಳ್ಳುತ್ತಾರೆ, ದಂಪತಿ ಹಂಚಿಕೊಳ್ಳಲು ಇನ್ನೊಬ್ಬರನ್ನು ಹುಡುಕಬೇಕು. ನಾವು ಅತಿಥಿಗೃಹದ ಯಜಮಾನರಲ್ಲಿ ಕೇಳಿ, ಅಲ್ಲಿಯೇ ತಂಗಿದ್ದ ಇನ್ನೊಂದು ಜೋಡಿಯೊಂದಿಗೆ ಸೇರಿ ಹೋದೆವು. ಸಂಕೋಚದ ಸ್ವಭಾವದ ನನಗೆ ಇದು ಸುಲಭವಾಗಿರಲಿಲ್ಲ. ಮಾತು ತೆಗೆದವಳು ನನ್ನ ಪತ್ನಿ, ಖರ್ಚು ಅರ್ಧಕ್ಕಿಳಿದ ಶ್ರೇಯಸ್ಸೂ ಅವಳದೇ.

ವಿಮಾನ ಇಳಿದ ಮೇಲೆ ಕೋಣೆ ತಲುಪುವ ಖರ್ಚಿನ ಬಗ್ಗೆ ನಾನು ಮೊದಲಿಗೆ ಹೇಳಿದ್ದಕ್ಕೆ ಮಾಲ್ಡೀವ್ಸ್‌ಗಿಂತ ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ತಮ್ಮ ಬರಹದಲ್ಲಿ ಕೊಟ್ಟಿದ್ದ ದರ ರೆಸಾರ್ಟ್ ಕೋಣೆಯದು. ರೆಸಾರ್ಟ್‌ಗಳಿರುವುದು ಒಂದೊಂದೂ ಪ್ರತ್ಯೇಕ ದ್ವೀಪದಲ್ಲಿ. ವಿಮಾನ ನಿಲ್ದಾಣದಿಂದ ಅಲ್ಲಿಗೆ ಹೆಚ್ಚಾಗಿ ಸ್ಪೀಡ್‌ಬೋಟ್ ಇಲ್ಲವೇ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನವಾದ ಸೀಪ್ಲೇನ್‌ನಲ್ಲಿ ಹೋಗಬೇಕಾಗುತ್ತದೆ, ಅದರ ದರವನ್ನು ತಲೆಯ ಲೆಕ್ಕದಲ್ಲಿ ಬೇರೆಯಾಗಿ ಹಾಕುತ್ತಾರೆ. ಅಲ್ಲದೆ ಸೀಪ್ಲೇನ್‌ಗಳು ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತವೆ. ನಿಮ್ಮ ವಿಮಾನ ಸಂಜೆಯ ಮೇಲೆ ಇಳಿಯುವಂತಿದ್ದರೆ ರಾಜಧಾನಿ ಮಾಲೆ ಅಥವಾ ಅದರ ಸಮೀಪದ ಹುಲುಮಾಲೆಯಲ್ಲಿ ಒಂದು ರಾತ್ರಿ ತಂಗಲೇಬೇಕಾಗುತ್ತದೆ, ಆ ರಾತ್ರಿಯ ರೆಸಾರ್ಟ್ ಬಾಡಿಗೆಯನ್ನು ಆಗಲೇ ಕಟ್ಟಿದ್ದರೆ ಅದೂ ಹೋದಂತೆಯೇ. ಅಗ್ಗದ ವಿಮಾನದ ಟಿಕೆಟ್ ಎಂದು ಸಂಭ್ರಮಪಡುವ ಮೊದಲು ಅದು ಇಳಿಯುವ ಹೊತ್ತನ್ನು ನೋಡಬೇಕು ಎಂಬುದು ಇದಕ್ಕೇ.

ಹಾಗೆಂದು ಮಾಲ್ಡೀವ್ಸ್ ಸಾಮಾನ್ಯರಿಗೆ ಎಟುಕದ ಜಾಗವೇನಲ್ಲ. ಸ್ಥಳೀಯ ಜನವಸತಿ ಇರುವ ದ್ವೀಪಗಳಲ್ಲಿ ಅತಿಥಿಗೃಹ ನಡೆಸಲು ಸುಮಾರು ಹದಿನೈದು ವರ್ಷಗಳ ಹಿಂದೆ ಅವಕಾಶ ಸಿಕ್ಕಿದ ಮೇಲೆ ಆ ದೇಶದ ಪ್ರವಾಸೋದ್ಯಮದ ಸ್ವರೂಪವೇ ಬದಲಾಗಿದೆ, ಮಾಫುಶಿಯಂತಹ ದ್ವೀಪಗಳಲ್ಲಿ ಈಗ ಅಂತಹ ಮನೆಗಳು ಸಾಲುಸಾಲಾಗಿವೆ. ಸಾರ್ವಜನಿಕ ದೋಣಿ ನಿಧಾನ, ಆದರೆ ದರ ತೀರಾ ಕಡಿಮೆ; ಸಾಮಾನ್ಯವಾಗಿ ಶುಕ್ರವಾರ ಅದು ಓಡುವುದಿಲ್ಲ ಎಂಬುದೊಂದನ್ನು ನೆನಪಿಟ್ಟುಕೊಂಡು ದಿನ ಗೊತ್ತುಮಾಡಬೇಕು. ಈ ದ್ವೀಪಗಳಲ್ಲಿ ಮದ್ಯ ನಿಷಿದ್ಧ, ಈಜುಡುಪಿನಲ್ಲಿ ಓಡಾಡಲು ಗುರುತಿಸಿದ ತೀರವೊಂದು ಬೇರೆಯೇ ಇರುತ್ತದೆ, ಉಳಿದ ಕಡೆ ಊರಿನವರ ಮರ್ಯಾದೆಗೆ ತಕ್ಕ ಉಡುಪಿರಬೇಕು. ಕೆಲವರಿಗೆ ಇದು ಕೊರತೆಯಾಗಿ ಕಾಣಬಹುದು. ನಮ್ಮಂಥವರಿಗೆ ಅದೇ ನೀಲಿ ನೀರು ರೆಸಾರ್ಟಿನ ಅಲ್ಪಾಂಶ ಬೆಲೆಯಲ್ಲಿ ಸಿಗುತ್ತದೆ. ಇಷ್ಟು ಮುಖ್ಯವಾದ ಆಯ್ಕೆಯ ಬಗ್ಗೆ ತಮ್ಮ ಬರಹದಲ್ಲಿ ಒಂದು ಸಾಲಾದರೂ ಇರಬೇಕಾಗಿತ್ತು. ಮಾಲ್ಡೀವ್ಸ್‌ನಲ್ಲಿ ಪರಿಸರದ ಹೆಸರಿನಲ್ಲಿ ಪ್ರವಾಸಿಗರಿಂದ ಪ್ರತಿ ರಾತ್ರಿಗೆ ತಲಾ ವಸೂಲಾಗುವ ಹಸಿರು ತೆರಿಗೆಯೂ ದರಪಟ್ಟಿಯಲ್ಲಿ ಅನೇಕ ಸಲ ಕಾಣುವುದಿಲ್ಲ. ಬಾಲಿಯಲ್ಲೂ 2024ರ ಫೆಬ್ರವರಿಯಿಂದ ಪ್ರತಿ ವಿದೇಶಿ ಪ್ರವಾಸಿ 1,50,000 ರುಪಿಯಾ (ಇಂಡೋನೇಷ್ಯಾದ ನಾಣ್ಯ) ಶುಲ್ಕ ಕಟ್ಟಬೇಕು. ಮೊತ್ತ ದೊಡ್ಡದೇನಲ್ಲ, ಸೊನ್ನೆಗಳನ್ನು ಕಂಡು ಗಾಬರಿಯಾಗುವ ಕಾರಣವಿಲ್ಲ.

ವಿಯೆಟ್ನಾಂನ ದಾ ನಾಂಗ್ ಮತ್ತು ಹೋಯಿ ಆನ್‌ಗಳನ್ನು ತಾವು 'ವರ್ಷವಿಡೀ' ಎಂಬ ಶೀರ್ಷಿಕೆಯಡಿ ಹಾಕಿದ್ದೀರಿ. ಇದು ಸರಿಯಲ್ಲ. ಅಕ್ಟೋಬರ್, ನವೆಂಬರ್‌ಗಳಲ್ಲಿ ಮಧ್ಯ ವಿಯೆಟ್ನಾಂ ಕರಾವಳಿಗೆ ಮಳೆ ಮತ್ತು ಚಂಡಮಾರುತಗಳ ಕಾಟವಿದ್ದು, ಥು ಬೋನ್ ನದಿ ಉಕ್ಕಿ ಹೋಯಿ ಆನ್‌ನ ಹಳೆಯ ಪೇಟೆಯ ಬೀದಿಗಳಿಗೆ ನುಗ್ಗುವುದು ಮತ್ತೆ ಮತ್ತೆ ನಡೆಯುತ್ತದೆ. ಆ ತೀರಕ್ಕೆ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಕಾಲವೇ ಹಿತ. ದಕ್ಷಿಣದ ಫು ಕ್ವೋಕ್ ದ್ವೀಪಕ್ಕಾದರೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಳ್ಳೆಯ ಋತು. ಬಾಲಿ ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಹವೆ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಸಹಜ: ಒಳ್ಳೆಯ ಋತುವಿನಲ್ಲಿ ದರ ಏರಿರುತ್ತದೆ, ದರ ಇಳಿದಾಗ ಋತು ಕೆಟ್ಟಿರುತ್ತದೆ, ಹಾಗಾದರೆ ಅಗ್ಗ ಎಲ್ಲಿದೆ? ನಮ್ಮ ಅನುಭವದಲ್ಲಿ ಅದು ಎರಡು ಋತುಗಳ ನಡುವಿನ ಸಂಧಿಕಾಲದಲ್ಲಿದೆ. ಇದಕ್ಕೆ ಮೆಡಿಟರೇನಿಯನ್ ತೀರಗಳು ಬಲು ಒಳ್ಳೆಯ ಉದಾಹರಣೆ. ನೆಲಕ್ಕಿಂತ ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ತಣಿಯುತ್ತದೆ. ಆದ್ದರಿಂದ ಯುರೋಪಿನ ಶಾಲೆಗಳು ತೆರೆದು ಕುಟುಂಬಗಳು ಮರಳಿದ ಮೇಲೂ, ಅಂದರೆ ಸೆಪ್ಟೆಂಬರ್ ಪೂರ್ತಿ, ಗ್ರೀಸ್, ಟರ್ಕಿ, ಅಲ್ಬೇನಿಯಾಗಳ ಸಮುದ್ರ ಬೆಚ್ಚಗೇ ಇರುತ್ತದೆ, ಜುಲೈ ಆಗಸ್ಟ್‌ಗೆ ಹೋಲಿಸಿದರೆ ಕೋಣೆಗಳ ಬಾಡಿಗೆ ಮಾತ್ರ ಇಳಿದಿರುತ್ತದೆ. ಮೇ ತಿಂಗಳಲ್ಲಿಯೂ ಬಾಡಿಗೆ ಕಡಿಮೆಯೇ, ಆದರೆ ಆಗ ನೀರು ತಣ್ಣಗಿರುತ್ತದೆ. ಮಕ್ಕಳ ಶಾಲೆಯ ರಜೆಗೆ ಕಟ್ಟುಬೀಳದ ದಂಪತಿಗಳಿಗೆ ಇರುವ ದೊಡ್ಡ ಅನುಕೂಲ ಇದು. ಗ್ರೀಸಿನ ಕೊರ್ಫು ದ್ವೀಪದ ಎದುರಿಗೇ, ಕಿರಿದಾದ ಜಲಸಂಧಿಯ ಆಚೆ, ಅಲ್ಬೇನಿಯಾದ ಸರಾಂಡ ಮತ್ತು ಕ್ಸಮಿಲ್‌ಗಳಿವೆ. ಅದೇ ಸಮುದ್ರ, ಖರ್ಚು ಸಾಮಾನ್ಯವಾಗಿ ಕಡಿಮೆ. ಅಲ್ಲಿಯ ಬಹಳಷ್ಟು ತೀರಗಳಲ್ಲಿ ಎರಡು ಒರಗುಮಂಚ, ಒಂದು ಕೊಡೆ ಸೇರಿ ಒಂದು ಜೊತೆ ಎಂದು ಬಾಡಿಗೆ ಕೇಳುತ್ತಾರೆ. ಟವೆಲ್ ಹಾಸಿಕೊಂಡು ಮರಳಿನ ಮೇಲೆ ಕೂರಲು ಹಣ ಕೊಡಬೇಕಾಗಿಲ್ಲದ ಜಾಗವನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಟರ್ಕಿಯ ಅಂತಾಲ್ಯ ಕಡೆಯ 'ಆಲ್ ಇನ್‌ಕ್ಲೂಸಿವ್' ಹೋಟೆಲುಗಳನ್ನು ತಮ್ಮ ಲೇಖಕರು ಬಹಳ ಹೊಗಳಿದ್ದಾರೆ. ಊಟ, ಪಾನೀಯ ಎಲ್ಲವೂ ಸೇರಿದ ದರ ಎಂಬುದು ದಿನವಿಡೀ ಹೋಟೆಲಿನಲ್ಲಿಯೇ ಇರುವವರಿಗೆ ಲಾಭದ್ದು. ಬೆಳಿಗ್ಗೆ ಹೊರಟು ಸಂಜೆ ಮರಳುವ, ಮದ್ಯ ಮುಟ್ಟದ ಜೋಡಿಗೆ ಬೇರೆಯವರ ಲೋಟದ ಹಣವನ್ನು ತಾವು ಕಟ್ಟಿದಂತೆ.

ಮಳೆಗಾಲದ ಅಗ್ಗದ ಕೋಣೆಯ ಬಗ್ಗೆ ಇನ್ನೊಂದು ಎಚ್ಚರಿಕೆಯ ಮಾತನ್ನು ತಾವು ಪ್ರಕಟಿಸಬೇಕೆಂದು ನನ್ನ ವಿಶೇಷ ವಿನಂತಿ, ಏಕೆಂದರೆ ಇದು ದುಡ್ಡಿಗಿಂತ ದೊಡ್ಡ ವಿಷಯ. ಫುಕೆಟ್‌ನ ಪಶ್ಚಿಮ ತೀರಗಳಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಕೆಂಪು ಬಾವುಟ ಹಾರಿಸಿರುವುದು ಸಾಮಾನ್ಯ. ಕೆಂಪು ಬಾವುಟವಿದ್ದರೆ ನೀರಿಗಿಳಿಯುವಂತಿಲ್ಲ. ಬಿಸಿಲು ಇದ್ದರೂ, ಅಲೆ ಸಣ್ಣದಾಗಿ ಕಂಡರೂ, ದಡದಿಂದ ಒಳಕ್ಕೆ ಎಳೆದೊಯ್ಯುವ ಸೆಳವು ಅಲ್ಲಿರುತ್ತದೆ. ಅಲೆಗಳು ಮುರಿಯದೆ ನೀರು ನಯವಾಗಿ ಕಾಣುವ ಜಾಗವೇ ಎಷ್ಟೋ ಸಲ ಸೆಳವಿನ ಜಾಗವಾಗಿರುತ್ತದೆ, ಹೊಸಬರು ಅದನ್ನೇ ಸುರಕ್ಷಿತವೆಂದು ಆರಿಸಿಕೊಳ್ಳುತ್ತಾರೆ. ಸೆಳವಿಗೆ ಸಿಕ್ಕವರು ಅದಕ್ಕೆ ಎದುರಾಗಿ ಈಜಿ ದಣಿಯಬಾರದು, ತೇಲುತ್ತಾ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಆಮೇಲೆ ದಡದತ್ತ ಬರಬೇಕು. ಜೊತೆಗಿದ್ದವರು ಕೂಡಲೇ ನೀರಿಗೆ ಧುಮುಕುವುದಕ್ಕಿಂತ ಜೀವರಕ್ಷಕರನ್ನು ಕೂಗಿ, ತೇಲುವ ವಸ್ತುವೊಂದನ್ನು ಎಸೆಯುವುದು ಸರಿಯಾದ ಕ್ರಮ. ಇಬ್ಬರೇ ಹೋದಾಗ ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರೂ ಅಪಾಯಕ್ಕೆ ಸಿಲುಕುವುದುಂಟು. ಬಾಡಿಗೆ ಸ್ಕೂಟರ್ ಏರುವ ಮುನ್ನ ವಿಮೆಯ ಷರತ್ತು ಓದಿಕೊಳ್ಳಿ ಎಂದೂ ಸೇರಿಸುತ್ತೇನೆ. ಆ ದೇಶದಲ್ಲಿ ಊರ್ಜಿತವಾಗುವ ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ ಅನೇಕ ಪಾಲಿಸಿಗಳು ಆಸ್ಪತ್ರೆಯ ಖರ್ಚು ಕೊಡುವುದಿಲ್ಲ.

ನಮ್ಮ ಕೋರಿಕೆ ಚಿಕ್ಕದು. ಮುಂದೆ ಇಂತಹ ಪುಟ ಮಾಡುವಾಗ ಪ್ರತಿ ಕಡಲತೀರದ ಹೆಸರಿನ ಪಕ್ಕದಲ್ಲಿ ಒಳ್ಳೆಯ ತಿಂಗಳುಗಳನ್ನೂ ಕೆಟ್ಟ ತಿಂಗಳುಗಳನ್ನೂ ಹಾಕಿ, ದರ ಕೊಡುವುದಾದರೆ 'ಆರಂಭಿಕ ದರ' ಎಂಬ ಆಕರ್ಷಣೆಯನ್ನು ಬಿಟ್ಟು, ವೀಸಾ, ಲಗೇಜು, ದೋಣಿ, ತೆರಿಗೆಗಳನ್ನೆಲ್ಲ ಕೂಡಿಸಿ ಇಬ್ಬರಿಗೆ ಒಟ್ಟು ಎಷ್ಟಾಗುತ್ತದೆ ಎಂದು ಒಂದೇ ಮೊತ್ತವಾಗಿ ಕೊಡಿ. ಪ್ರವಾಸ ಸಂಸ್ಥೆಗಳು ಕಳಿಸಿದ ದರಪಟ್ಟಿಯನ್ನು ಇದ್ದಂತೆಯೇ ಅಚ್ಚುಹಾಕುವುದಾದರೆ ಅದನ್ನು ಜಾಹೀರಾತಿನ ಪುಟದಲ್ಲಿಯೇ ಹಾಕಬಹುದು. ಅಂದಹಾಗೆ, ನಾವು ಈ ಸೆಪ್ಟೆಂಬರ್‌ಗೆ ಸರಾಂಡದಲ್ಲಿ ಕೋಣೆ ಗೊತ್ತುಮಾಡಿದ್ದೇವೆ, ಇಸ್ಪೀಟಿನ ಕಟ್ಟನ್ನು ಪತ್ನಿ ಮನೆಯಲ್ಲಿಯೇ ಬಿಡುವುದಾಗಿ ಹೇಳಿದ್ದಾಳೆ.

ಇತಿ,
ತಮ್ಮ ವಿಶ್ವಾಸಿ,
ಪತ್ರಿಕೆಯ ಹಳೆಯ ಓದುಗ