ಮಧುಗಿರಿ ಬೆಟ್ಟದಲ್ಲೂ ಹತ್ತುವವರಿಗೊಂದು ಸರದಿ, ಇಳಿಯುವವರಿಗೊಂದು ಸರದಿ ಇರಲಿ

ಮಾನ್ಯ ಸಂಪಾದಕರೇ,

ಭಾನುವಾರ ಬಂತೆಂದರೆ ಮಧುಗಿರಿ ಕೋಟೆ ಹತ್ತಲು ಜನವೋ ಜನ. ಬರಲಿ, ಸಂತೋಷವೇ. ಆದರೆ ಬಂಡೆಯಲ್ಲೇ ಕೊರೆದ ಸಣ್ಣ ಮೆಟ್ಟಿಲುಗಳಿವೆಯಲ್ಲ, ಅಲ್ಲಿ ಒಂದೇ ಕಂಬಿ ಹಿಡಿದು ಹತ್ತುವವರೂ ಇಳಿಯುವವರೂ ಎದುರುಬದುರಾಗಿ ನಿಂತುಬಿಡುತ್ತಾರೆ. ಕಂಬಿ ಯಾರು ಬಿಡಬೇಕು ಅನ್ನೋದೇ ತಕರಾರು. ಬಿಟ್ಟವರ ಕಾಲಡಿಗೆ ಬರೀ ನುಣುಪು ಇಳಿಜಾರು.

ಇದಕ್ಕೊಂದು ದಾರಿ ನಾನು ಕಂಡಿದ್ದು ಪೋರ್ಚುಗಲ್‌ನಲ್ಲಿ. ಮಗಳ ಮನೆಗೆ ಹೋಗಿದ್ದಾಗ ಲಿಸ್ಬನ್‌ನ ಬೆಲೆಂ ಗೋಪುರ ನೋಡಿದೆವು. ಟೇಗಸ್ ನದಿ ದಡದಲ್ಲಿ ನೀರಿಗೇ ಇಳಿದು ನಿಂತ ಬಿಳಿಗಲ್ಲಿನ ಪುಟ್ಟ ಕೋಟೆ. ಹಡಗುಗಳು ಬರುವ ದಾರಿ ಕಾಯಲು ದೊರೆ ಒಂದನೇ ಮ್ಯಾನುಯೆಲ್ 16ನೇ ಶತಮಾನದ ಮೊದಲಲ್ಲಿ ಕಟ್ಟಿಸಿದ್ದು. ತಳದಲ್ಲಿ ತೋಪಿನ ಕಿಂಡಿಗಳಿವೆ, ಮುಂದೆ ಅಲ್ಲೇ ಕೈದಿಗಳನ್ನೂ ಇಟ್ಟಿದ್ದರು. ವಾಸ್ಕೋ ಡ ಗಾಮ ಈ ಗೋಪುರ ನೋಡುತ್ತಾ ನಮ್ಮ ಕಡೆ ಹೊರಟ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅವನು ಅದೇ ದಡದಿಂದ ಹೊರಟಿದ್ದು 1497ರಲ್ಲಿ, ಆಗ ಗೋಪುರವೇ ಇರಲಿಲ್ಲ!

ನನಗೆ ಜಾಸ್ತಿ ಹಿಡಿಸಿದ್ದು ಒಂದು ಮೂಲೆಯ ಕಾವಲುಗೂಡಿನ ಬುಡದಲ್ಲಿರುವ ಘೇಂಡಾಮೃಗದ ತಲೆ. ಸವೆದು ಸವೆದು, ತೋರಿಸಿದರಷ್ಟೇ ಗೊತ್ತಾಗುತ್ತದೆ. ಗುಜರಾತಿನ ಸುಲ್ತಾನ ಉಡುಗೊರೆ ಕೊಟ್ಟ ಘೇಂಡಾಮೃಗವೊಂದು 1515ರಲ್ಲಿ ಹಡಗಿನಲ್ಲಿ ಲಿಸ್ಬನ್ ತಲುಪಿ ಊರಿಗೆ ಊರೇ ನೋಡಲು ಬಂದಿತ್ತು, ಅದನ್ನೇ ಕೆತ್ತಿದ್ದಾರಂತೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಆ ಗೋಪುರದ ಒಳಗಿನ ಸುತ್ತುಮೆಟ್ಟಿಲು ತುಂಬಾ ಇಕ್ಕಟ್ಟು, ಎದುರಿಗೆ ಒಬ್ಬರು ಬಂದರೆ ಗೋಡೆಗೆ ಅಂಟಿಕೊಳ್ಳಬೇಕು. ಅದಕ್ಕೇ ಅಲ್ಲಿ ನಮ್ಮ ಸರ್ಕಲ್ ಸಿಗ್ನಲ್ ಥರ ದೀಪ ಹಾಕಿದ್ದಾರೆ. ಸ್ವಲ್ಪ ಹೊತ್ತು ಹತ್ತುವವರಿಗೆ ಹಸಿರು, ಆಮೇಲೆ ಇಳಿಯುವವರಿಗೆ. ಕೆಂಪು ಇದ್ದಾಗ ಜನ ಆ ಅಂತಸ್ತಿನ ಕಿಟಕಿಯಲ್ಲಿ ನದಿ ನೋಡುತ್ತಾ ನಿಲ್ಲುತ್ತಾರೆ. ತಳ್ಳಾಟವೇ ಇಲ್ಲ.

ನಮ್ಮ ಬೆಟ್ಟಕ್ಕೆ ದೀಪ, ಕರೆಂಟು ಏನೂ ಬೇಡ. ರಜಾ ದಿನಗಳಲ್ಲಿ ಆ ಕಡಿದಾದ ಬಂಡೆಯ ಕೆಳಗೊಬ್ಬರು, ಮೇಲೊಬ್ಬರು ಸೀಟಿ ಹಿಡಿದು ನಿಂತರೆ ಸಾಕು, ಊರಿನ ಇಬ್ಬರು ಹುಡುಗರಿಗೆ ಕೆಲಸವೂ ಆಯಿತು. ಕಾಯುವವರು ಸುಮ್ನೆ ಕೂರಲು ಮೇಲೂ ಕೆಳಗೂ ಜಾಗ ಇದ್ದೇ ಇದೆ. ಮಧ್ಯಾಹ್ನ ಕಳೆದ ಮೇಲೆ ಮಾತ್ರ ಇಳಿಯುವವರಿಗೇ ಮೊದಲ ಸರದಿ ಕೊಡಿ, ಕತ್ತಲಲ್ಲಿ ಆ ಬಂಡೆ ಇಳಿಯುವ ಪಾಡು ಯಾರಿಗೂ ಬೇಡ.

ಒಬ್ಬ ಓದುಗ, ಮಧುಗಿರಿ, ತುಮಕೂರು ಜಿಲ್ಲೆ